ಅಕ್ಕ ಬೇಡವೆಂದ ರಕ್ತಪರೀಕ್ಷೆ

ತಾಯಿ ತೀರಿಕೊಂಡಾಗ ಸ್ವಪ್ನಾಗೆ ಎಂಟು ವರ್ಷ, ನಿರ್ಮಲಾಗೆ ಇಪ್ಪತ್ತಮೂರು. ನಿರ್ಮಲಾ ಆಗಷ್ಟೇ ನರ್ಸಿಂಗ್ ಮುಗಿಸಿ ಹಳಿಯಾಳದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಅಪ್ಪ ಉಳವಪ್ಪ ಊರಿನಲ್ಲಿ ಗದ್ದೆ ನೋಡಿಕೊಂಡಿದ್ದ. ಹೆಣ್ಣುಮಗುವಿನ ತಲೆ ಬಾಚುವುದು, ಸ್ಕೂಲಿಗೆ ತಯಾರು ಮಾಡುವುದು ಅವನಿಗೆ ಬರುತ್ತಿರಲಿಲ್ಲ. ನಿರ್ಮಲಾ ತಂಗಿಯನ್ನು ಹಳಿಯಾಳಕ್ಕೆ ಕರೆತಂದು ತನ್ನ ಬಾಡಿಗೆ ಕೋಣೆಯಲ್ಲಿ ಇಟ್ಟುಕೊಂಡಳು. ತನ್ನ ಮದುವೆಯ ಮಾತುಕತೆಯ ದಿನವೇ ವರ ಮಹಾಂತಪ್ಪನಿಗೆ ಹೇಳಿಬಿಟ್ಟಳು: "ನಾ ಒಬ್ಬಾಕಿನ ಬರೂದಿಲ್ಲರಿ. ಬಂದ್ರ ಇಬ್ಬರೂ ಬರ್ತೀವಿ." ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಹಾಂತಪ್ಪ ನಕ್ಕು ಒಪ್ಪಿಕೊಂಡ. ಮುಂದೆ ಅವರಿಗೆ ಮಕ್ಕಳಾಗಲಿಲ್ಲ. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಿದವರಲ್ಲ. ಮನೆಯಲ್ಲಿ ಸ್ವಪ್ನಾ ಇದ್ದಳು, ಅವಳ ಶಾಲೆ ಇತ್ತು, ಅವಳ ಹಟ ಇತ್ತು.

ಸ್ವಪ್ನಾ ಸಣ್ಣ ನೋವನ್ನೂ ದೊಡ್ಡದು ಮಾಡುವ ಹುಡುಗಿ. ಪರೀಕ್ಷೆ ಇದ್ದ ದಿನ ಹೊಟ್ಟೆ ನೋವು, ಬಟ್ಟೆ ಒಗೆಯುವ ದಿನ ಕೈ ನೋವು. ನಿರ್ಮಲಾ ಮೊದಮೊದಲು ಗಾಬರಿಯಾಗಿ ಡಾಕ್ಟರ ಹತ್ತಿರ ಓಡುತ್ತಿದ್ದಳು. ಆಮೇಲೆ ಹಣೆ ಮುಟ್ಟಿ ನೋಡಿ, "ಏನೂ ಆಗಿಲ್ಲ, ಏಳು" ಎಂದುಬಿಡುತ್ತಿದ್ದಳು. ಸ್ವಪ್ನಾ ಎದ್ದುಬಿಡುತ್ತಿದ್ದಳು. ಅಕ್ಕ ಏನೂ ಆಗಿಲ್ಲ ಎಂದರೆ ಏನೂ ಆಗಿರುತ್ತಿರಲಿಲ್ಲ.

ಪಿಯುಸಿ ಮುಗಿಸಿ ಹುಬ್ಬಳ್ಳಿಯಲ್ಲಿ ಬ್ಯೂಟಿಷಿಯನ್ ಕೋರ್ಸ್ ಮಾಡಿಕೊಂಡ ಸ್ವಪ್ನಾಳನ್ನು ದಾಂಡೇಲಿಯ ಅಜಯನಿಗೆ ಕೊಟ್ಟರು. ಅವನು ಪೇಪರ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ತಂದೆಯೂ ಅಲ್ಲಿಯೇ ದುಡಿದು ತೀರಿಕೊಂಡವನು. ಮನೆಯಲ್ಲಿ ತಾಯಿ ಸುಶೀಲವ್ವ, ಧಾರವಾಡ ಕಡೆಯ ಹೆಂಗಸು, ಮಾತು ಬಿರುಸು, ಕೊಡುವ ಕೈ ದೊಡ್ಡದು. ಮದುವೆಯಾದ ಎರಡನೇ ವರ್ಷ ಸ್ವಪ್ನಾ ಬಸ್ ಸ್ಟ್ಯಾಂಡಿನ ಹತ್ತಿರದ ಕಾಂಪ್ಲೆಕ್ಸಿನಲ್ಲಿ ಪಾರ್ಲರ್ ತೆರೆದಳು. ನೆಲಮಾಳಿಗೆಯ ಮಳಿಗೆ. ಎರಡು ಕುರ್ಚಿ, ಗೋಡೆ ತುಂಬ ಕನ್ನಡಿ, ಹಗಲೂ ಉರಿಯುವ ಟ್ಯೂಬ್‌ಲೈಟು. ಕಿಟಕಿ ಇರಲಿಲ್ಲ. ಕೆಳಗಿಳಿಯಲು ಹನ್ನೆರಡು ಮೆಟ್ಟಿಲು. ಕೈಕೆಳಗೆ ರೂಪಾಲಿ ಎಂಬ ಹುಡುಗಿಯನ್ನು ಇಟ್ಟುಕೊಂಡು ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಸ್ವಪ್ನಾ ಅಲ್ಲಿಯೇ ಇರುತ್ತಿದ್ದಳು. ಮನೆಯಿಂದ ಸ್ಕೂಟಿಯಲ್ಲಿ ಬರುವಾಗ ಕೈಗೆ ಗ್ಲೌಸು, ಮುಖಕ್ಕೆ ಸ್ಕಾರ್ಫು. "ಪಾರ್ಲರ್‌ದಾಕಿ ಮುಖನ ಕಪ್ಪಾದ್ರ ಗಿರಾಕಿ ಬರ್ತಾರೇನಕ್ಕಾ?" ಎಂದು ನಗುತ್ತಿದ್ದಳು. ಮದುವೆಯ ಸೀಸನ್ನಿನಲ್ಲಿ ಅಂಬಿಕಾನಗರದಿಂದ, ಜೋಯಿಡಾದಿಂದ ಕೂಡ ಮದುಮಗಳನ್ನು ಸಿಂಗರಿಸಲು ಅವಳಿಗೇ ಹೇಳಿಕಳಿಸುತ್ತಿದ್ದರು.

ಮದುವೆಯಾಗಿ ನಾಲ್ಕು ವರ್ಷಕ್ಕೆ, ಏಪ್ರಿಲ್‌ನಲ್ಲಿ, ಅವಳು ಬಸುರಾದಳು. ಸುದ್ದಿಯನ್ನು ಗಂಡನಿಗಿಂತ ಮೊದಲು ಅಕ್ಕನಿಗೆ ಹೇಳಿದಳು.

ಮಳೆಗಾಲ ಬಂತು. ದಾಂಡೇಲಿಯ ಮಳೆಯಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಪಾರ್ಲರಿನಲ್ಲಂತೂ ಮಳೆ ಬಿಸಿಲು ಎರಡೂ ಗೊತ್ತಾಗುತ್ತಿರಲಿಲ್ಲ. ಆಗಸ್ಟ್ ಹೊತ್ತಿಗೆ ಸ್ವಪ್ನಾ ಫೋನಿನಲ್ಲಿ ನೋವಿನ ಮಾತು ಶುರು ಮಾಡಿದಳು. ಮೊದಲು ಸೊಂಟ, ಆಮೇಲೆ ತೊಡೆ, ಆಮೇಲೆ ಪಕ್ಕೆಲುಬು.

"ಅಕ್ಕಾ, ಕೆಳಗ ಕುಂತ್ರ ಏಳಾಕ ಆಗವಲ್ದು. ಗ್ವಾಡಿ ಹಿಡಕೊಂಡು ಏಳ್ತೀನಿ. ಪಾರ್ಲರಿನ ಮೆಟ್ಟಲಾ ಹತ್ತೂದ್ರಾಗ ಎರಡು ಸಲ ನಿಂದರ್ತೀನಿ."

"ಹೊಟ್ಟ್ಯಾಗ ಕೂಸು ಬೆಳ್ಯಾಕತ್ತೇತಿ. ನೋವು ಆಗ್ದ ಏನಾಗ್ತೇತಿ?" ಎಂದಳು ನಿರ್ಮಲಾ. "ದಿನಾ ಹತ್ತು ಮಂದಿ ಬಸರೇರನ್ನ ನೋಡ್ತೀನಿ ನಾ. ಎಲ್ಲಾರೂ ಇದನ್ನ ಹೇಳ್ತಾರ."

ಎಲ್ಲರೂ ಅದನ್ನೇ ಹೇಳುತ್ತಿದ್ದರು, ನಿಜ. ಆದರೆ ಎಲ್ಲರೂ ಗೋಡೆ ಹಿಡಿದು ಏಳುತ್ತಿರಲಿಲ್ಲ. ನಿರ್ಮಲಾಗೆ ಇದು ಆಮೇಲೆ ಹೊಳೆಯಿತು.

ಅಕ್ಟೋಬರಿನಲ್ಲಿ ಏಳು ತಿಂಗಳ ಕುಬಸ, ಸೀಮಂತದ ಶಾಸ್ತ್ರ, ಇಟ್ಟುಕೊಂಡರು. ನಿರ್ಮಲಾ ಹಸಿರು ಇಳಕಲ್ ಸೀರೆ, ಹಸಿರು ಬಳೆ, ಐದು ತರದ ಉಂಡಿ ಮಾಡಿಸಿಕೊಂಡು ಮಹಾಂತಪ್ಪನ ಜೊತೆ ಬೆಳಗಿನ ಬಸ್ಸಿಗೇ ದಾಂಡೇಲಿಗೆ ಹೋದಳು. ಒಳಕೋಣೆಯಿಂದ ಸ್ವಪ್ನಾ ನಡೆದು ಬಂದಾಗ ಎರಡೂ ಕಡೆ ತೂಗುತ್ತ, ಒಂದೊಂದೇ ಹೆಜ್ಜೆ ಎಳೆದುಕೊಂಡು ಬಂದಳು. "ಇದೇನ ಬಾತುಕೋಳಿ ಹಂಗ?" ಎಂದು ನಿರ್ಮಲಾ ತಮಾಷೆ ಮಾಡಿದಳು. ಹೆಂಗಸರೆಲ್ಲ ನಕ್ಕರು. ಸ್ವಪ್ನಾ ಕೂಡ ನಕ್ಕಳು.

ಉಡಿ ತುಂಬುವ ಹೊತ್ತಿಗೆ ನಿರ್ಮಲಾ ಅಕ್ಕಿಯ ಬಟ್ಟಲಿಗೆ ಕೈ ಹಾಕಿದಳು. ಸುಶೀಲವ್ವ ಮೆಲ್ಲಗೆ ಆ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು, "ನೀವು ಕುಂದರ್ರಿ ಅಕ್ಕಾರ, ದಣದ ಬಂದೀರಿ. ಮಕ್ಕಳಾದವ್ರು ಐದು ಮಂದಿ ಅದಾರ, ಅವ್ರು ತುಂಬ್ತಾರ" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ರೂಢಿಯ ಮಾತನ್ನು ರೂಢಿಯಂತೆ ಹೇಳಿದಳು. ನಿರ್ಮಲಾ ಹೋಗಿ ಚಾಪೆಯ ತುದಿಗೆ ಕೂತಳು. ಸ್ವಪ್ನಾ ಅದನ್ನು ನೋಡಿದಳು. ಸಂಜೆಯ ಬಸ್ಸಿನಲ್ಲಿ ಮಹಾಂತಪ್ಪ ಕೇಳಿದ: "ಊಟಾ ಸರಿ ಮಾಡಲಿಲ್ಲಲ, ಯಾಕ?" ನಿರ್ಮಲಾ ಟಿಕೆಟಿನ ಚಿಲ್ಲರೆ ಎಣಿಸತೊಡಗಿದಳು.

ಅದಾಗಿ ನಾಲ್ಕನೇ ದಿನ ಸ್ವಪ್ನಾಳ ಫೋನು ಬಂತು. ಆಸ್ಪತ್ರೆಯಲ್ಲಿ ಎರಡು ಹೆರಿಗೆ ಮುಗಿದು ನಿರ್ಮಲಾ ಊಟದ ಡಬ್ಬಿ ತೆರೆದಿದ್ದಳು.

"ಅಕ್ಕಾ, ಇಲ್ಲೆ ಲೇಡಿ ಡಾಕ್ಟರ ಕಡೆ ಹೋಗಿದ್ದೆ. ನಾ ನಡೆಯೂದ ನೋಡಿ ಒಂದ ರಕ್ತದ ಟೆಸ್ಟ್ ಬರದಾರ. ವಿಟಮಿನ್ ಡಿ ಅಂತ, ಕ್ಯಾಲ್ಸಿಯಂ ಅಂತ. ಇಲ್ಲೆ ಆಗೂದಿಲ್ಲಂತ, ರಕ್ತ ಹುಬ್ಬಳ್ಳಿಗೆ ಕಳಸ್ತಾರಂತ. ಮಾಡಸ್ಲೋ ಬ್ಯಾಡೋ?"

"ಬ್ಯಾಡ ಬಿಡು," ಎಂದಳು ನಿರ್ಮಲಾ. ತುತ್ತು ಬಾಯಲ್ಲಿಯೇ ಇತ್ತು. "ಈಗಿನ ಡಾಕ್ಟರು ಕಂಡದ್ದೆಲ್ಲಾ ಬರೀತಾರ. ಇಷ್ಟ ಬಿಸಲ ಬೀಳೂ ನಾಡಿನ್ಯಾಗ ಯಾರಿಗೆ ವಿಟಮಿನ್ ಡಿ ಕಡಿಮಿ ಆಗ್ತೇತಿ? ನಮ್ಮವ್ವ ನಮ್ಮನ್ನ ಹಡೆಯೂವಾಗ ಯಾವ ಟೆಸ್ಟ್ ಮಾಡಸಿದ್ಲು?"

"ತೊಡಿ ಭಾಳ ನೋಯ್ತಾವಕ್ಕಾ."

"ಸ್ವಪ್ನಾ, ಏನೂ ಆಗಿಲ್ಲ ನಿನಗ. ಎಲ್ಲಾದ್ಕೂ ಕುಣಿಬ್ಯಾಡ."

"ಆತು ಬಿಡು. ನೀ ಅಂದಮ್ಯಾಲ ಆತು," ಎಂದು ಸ್ವಪ್ನಾ ಫೋನಿಟ್ಟಳು.

ಆ ಮಾತನ್ನು ಯಾಕೆ ಅಂದೆ ಎಂದು ನಿರ್ಮಲಾ ಮುಂದೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಇಪ್ಪತ್ತು ವರ್ಷದ ಅನುಭವದ ಸೊಕ್ಕೇ? ನಿಜವಾಗಿಯೂ ಗೊತ್ತಿರಲಿಲ್ಲವೇ? ಅಥವಾ ನಾಲ್ಕು ದಿನದ ಹಿಂದೆ ಚಾಪೆಯ ತುದಿಗೆ ಕೂತ ಹೆಂಗಸೇ ಆ ಮಾತು ಆಡಿದಳೇ? ಹಸಿರು ಬಳೆ ತೊಟ್ಟು ಕೂತಿದ್ದ ತಂಗಿಗೆ ಇನ್ನೂ ಏನು ನೋವು ಎಂಬ ಸಿಟ್ಟು ತನ್ನೊಳಗೆ ಇತ್ತು ಎಂಬುದನ್ನು ಮಾತ್ರ ಅವಳು ಅಲ್ಲಗಳೆಯಲಾರಳು.

ಚೊಚ್ಚಲ ಹೆರಿಗೆ ತವರಿನದು. ಡಿಸೆಂಬರಿನಲ್ಲಿ ಸ್ವಪ್ನಾ ಹಳಿಯಾಳಕ್ಕೆ ಬಂದಳು. ಮನೆಯಲ್ಲಿ ಅವಳನ್ನು ಹಗಲಿರುಳು ನೋಡಿದ ಮೇಲೆ ನಿರ್ಮಲಾಗೆ ಒಳಗೊಳಗೇ ಏನೋ ತಟ್ಟಿತು. ಮಂಚದಿಂದ ಏಳುವಾಗ ಅವಳು ಎರಡೂ ಕೈಯಿಂದ ತನ್ನ ಕಾಲನ್ನೇ ಎತ್ತಿ ಕೆಳಗಿಡುತ್ತಿದ್ದಳು. ಆದರೆ ಒಂದು ಸಲ ಬೇಡವೆಂದ ಮೇಲೆ ಈಗ ಬೇಕು ಅನ್ನುವುದು ಹೇಗೆ? ಇನ್ನೇನು ಕೆಲವೇ ದಿನ, ಹೆರಿಗೆಯಾದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಳು. ತನ್ನ ಆಸ್ಪತ್ರೆಯ ಡಾಕ್ಟರಮ್ಮ ದಾಖಲು ಮಾಡಿಕೊಳ್ಳುವಾಗ, "ನಿರ್ಮಲಾ, ಇವ್ರ ರಿಪೋರ್ಟ್ ಎಲ್ಲಾ ನೋಡೀರೇನು?" ಎಂದು ಕೇಳಿದರು.

"ನೋಡೇನ್ರಿ ಮೇಡಂ. ಎಲ್ಲಾ ಸರಿ ಅದಾವು."

ಜನವರಿ ಎರಡನೇ ವಾರ ಹೆಣ್ಣು ಹುಟ್ಟಿತು. ಹದಿನಾರು ತಾಸಿನ ಬೇನೆ, ಕೊನೆಗೆ ಸುಸೂತ್ರ. ಹೊಕ್ಕುಳಬಳ್ಳಿ ಕತ್ತರಿಸಿದವಳು ನಿರ್ಮಲಾ. ಮನೆಗೆ ಬಂದ ಮೇಲೆ ಹದಿನೈದು ದಿನ ರಜೆ ಹಾಕಿ ಬಾಣಂತನಕ್ಕೆ ನಿಂತಳು. ಗಾಳಿ ತಾಗಬಾರದೆಂದು ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದಳು. ಕೂಸಿಗೆ ಎಣ್ಣೆ ನೀರು ತಾನೇ ಹಾಕಿದಳು. ತನ್ನ ಬದುಕಿನ ಅತ್ಯಂತ ಸುಖದ ದಿನಗಳು ಅವು ಎಂದು ಮಹಾಂತಪ್ಪನಿಗೆ ಹೇಳಿಯೂ ಹೇಳಿದಳು.

ಒಂಬತ್ತನೆಯ ದಿನ ಬೆಳಿಗ್ಗೆ, ಎರೆಯಲೆಂದು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಾಗ ಅದರ ಎಡಗೈ ಪಟಪಟ ಅದುರಿತು. ಬೆಚ್ಚಿಬಿದ್ದಿತೇನೋ ಎಂದು ನಿರ್ಮಲಾ ಕೈ ಹಿಡಿದಳು. ಹಿಡಿದರೂ ಅದುರುವುದು ನಿಲ್ಲಲಿಲ್ಲ. ಆಮೇಲೆ ಕಾಲೂ ಅದುರಿತು, ಕಣ್ಣುಗುಡ್ಡೆಗಳು ಒಂದು ಕಡೆಗೆ ಸರಿದು ನಿಂತವು. ತುಟಿ ನೀಲಿಯಾಯಿತು.

"ಅಕ್ಕಾ, ಏನಾತು? ಯಾಕ ಹಂಗ ಮಾಡಾಕತ್ತೇತಿ?" ಸ್ವಪ್ನಾ ಮಂಚದಿಂದ ಏಳಲು ಹೋಗಿ ಏಳಲಾಗದೆ ಕೂಗಿದಳು.

ಇಪ್ಪತ್ತು ವರ್ಷದ ನರ್ಸು ಒಂದು ಕ್ಷಣ ಏನೂ ತೋಚದೆ ಕೂತಳು. ಆಮೇಲೆ ಕೂಸನ್ನು ಮಗ್ಗುಲಾಗಿಸಿ ಟವೆಲಿನಲ್ಲಿ ಸುತ್ತಿ ಎದ್ದಳು. ಮಹಾಂತಪ್ಪ ಅಂಗಡಿ ಮಾಲೀಕರ ಕಾರು ತಂದ. ಧಾರವಾಡದ ದಾರಿಯಲ್ಲಿ ಕೂಸಿಗೆ ಇನ್ನೂ ಎರಡು ಸಲ ಸೆಳವು ಬಂತು. ಹಿಂದಿನ ಸೀಟಿನಲ್ಲಿ ಸ್ವಪ್ನಾ ಕೂಸಿನ ಪಾದ ಹಿಡಿದು ಕೂತಿದ್ದಳು. ಪ್ರತಿ ಸಲವೂ, "ಅಕ್ಕಾ, ಏನೂ ಆಗೂದಿಲ್ಲಲಾ?" ಎಂದು ಕೇಳುತ್ತಿದ್ದಳು. ನಿರ್ಮಲಾ ಮೊದಲ ಬಾರಿಗೆ ಅದಕ್ಕೆ ಉತ್ತರ ಕೊಡಲಿಲ್ಲ.

ಧಾರವಾಡದ ಮಕ್ಕಳ ಆಸ್ಪತ್ರೆಯಲ್ಲಿ ಕೂಸನ್ನು ಒಳಗೆ ಒಯ್ದರು. ಸಕ್ಕರೆ ಅಂಶ ನೋಡಿದರು, ಸರಿಯಿತ್ತು. ಕ್ಯಾಲ್ಸಿಯಂ ನೋಡಿದರು, ಇರಬೇಕಾದುದರ ಅರ್ಧವೂ ಇರಲಿಲ್ಲ. ಎದೆಗೆ ತಂತಿ ಅಂಟಿಸಿ, ಬಡಿತ ನೋಡುತ್ತ, ಹನಿಹನಿಯಾಗಿ ಕ್ಯಾಲ್ಸಿಯಂ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಸೆಳವು ನಿಂತಿತು. ದಾಂಡೇಲಿಯಿಂದ ಅಜಯ ಮತ್ತು ಸುಶೀಲವ್ವ ಬಂದು ಮುಟ್ಟುವಷ್ಟರಲ್ಲಿ ಸ್ವಪ್ನಾಳ ರಕ್ತವನ್ನೂ ಪರೀಕ್ಷೆಗೆ ತೆಗೆದಿದ್ದರು. ಮರುದಿನ ಅದರ ವರದಿ ಬಂತು.

ಡಾಕ್ಟರು ಎಲ್ಲರನ್ನೂ ತಮ್ಮ ಕೋಣೆಗೆ ಕರೆದರು. ನಡುವಯಸ್ಸಿನ ಸೌಮ್ಯ ಮನುಷ್ಯ.

"ನೋಡ್ರಿ, ತಾಯಿ ಮೈಯಾಗ ವಿಟಮಿನ್ ಡಿ ಇಲ್ಲಂದ್ರ ಇಲ್ಲ ಅನ್ನೂ ಹಂಗ ಐತಿ. ಕೂಸು ಹೊಟ್ಟ್ಯಾಗಿದ್ದಾಗ ಅದನ್ನ ತಾಯಿಂದನ ತಗೋಬೇಕು. ತಾಯಿ ಕಡೆನ ಇಲ್ಲಂದ್ರ ಎಲ್ಲಿಂದ ತಗೋತೇತಿ? ಅದಿಲ್ದ ಕ್ಯಾಲ್ಸಿಯಂ ನಿಂದ್ರೂದಿಲ್ಲ. ಅದಕ್ಕ ಕೂಸಿಗೆ ಸೆಳವು ಬಂದೇತಿ." ಸ್ವಪ್ನಾಳ ಕಡೆ ತಿರುಗಿದರು. "ನಿಮಗ ತೊಡಿ, ಸೊಂಟ ಭಾಳ ನೋಯ್ತಿದ್ದುವಲ್ಲಾ?"

ಸ್ವಪ್ನಾ ತಲೆಯಾಡಿಸಿದಳು.

"ಎಲುಬು ಮೆತ್ತಗಾಗ್ಯಾವ್ರಿ. ಸುಮ್ನ ಹೇಳೂ ನೋವಲ್ಲ ಅದು." ದಾಂಡೇಲಿಯ ಫೈಲು ತಿರುವಿದರು. ಒಂದು ಪುಟದಲ್ಲಿ ಬೆರಳಿಟ್ಟರು. "ಅಕ್ಟೋಬರಿನ್ಯಾಗ ಟೆಸ್ಟ್ ಬರದಾರಲಾ ಇಲ್ಲೆ? ಮಾಡಸಲಿಲ್ಲ ಯಾಕ?"

ನಾನೇ ಬೇಡ ಅಂದೆ ಎಂಬ ಮೂರು ಮಾತು. ಅದನ್ನು ಆಡಲು ನಿರ್ಮಲಾ ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಸ್ವಪ್ನಾ ಹೇಳಿದಳು:

"ನಾನ ಮರತೆರಿ. ಪಾರ್ಲರಿನ ಗದ್ಲದಾಗ ಆಗಲಿಲ್ಲ."

ಅಕ್ಕನ ಕಡೆ ಅವಳು ನೋಡಲಿಲ್ಲ. ಮೇಜಿನ ಮೇಲಿನ ಫೈಲನ್ನೇ ನೋಡುತ್ತಿದ್ದಳು. ಸುಶೀಲವ್ವ ಹಣೆ ಬಡಿದುಕೊಂಡಳು. "ಪಾರ್ಲರ್! ಕೂಸಿನಕಿಂತ ಪಾರ್ಲರ್ ದೊಡ್ಡದಾತೇನ ನಿನಗ? ಮಂದಿ ಮಾರಿ ಬೆಳ್ಳಗ ಮಾಡಕೋಂತ ಕುಂತು ಹೊಟ್ಟ್ಯಾಗಿಂದು ಮರತಿ?" ಅಜಯ ಎದ್ದು ಹೊರಗೆ ಹೋದ. ನಿರ್ಮಲಾ ತೆರೆದ ಬಾಯಿಯನ್ನು ಮುಚ್ಚಿಕೊಂಡಳು. ಎಲ್ಲರ ಮುಂದೆ ಅವಳು ಇಪ್ಪತ್ತು ವರ್ಷದ ಅನುಭವದ ನರ್ಸಾಗಿಯೇ ಉಳಿದಳು.

ಅಂದು ಸಂಜೆ ವರಾಂಡದಲ್ಲಿ ಇಬ್ಬರೇ ಇದ್ದಾಗ ನಿರ್ಮಲಾ, "ಯಾಕ ಹಂಗ ಹೇಳಿದಿ?" ಎಂದಳು.

"ಇರಲಿ ಬಿಡಕ್ಕಾ. ನಿನ್ನ ನೌಕರಿ ಮಂದಿ ನಂಬಿಕಿ ಮ್ಯಾಲೆ ಐತಿ. ಅವ್ರ ಮುಂದ ನಿನ್ನ ಮಾರಿ ಸಣ್ಣದಾಗೂದು ಬ್ಯಾಡ." ಹೇಳಿ, ಹಾಲು ಹಿಂಡಿಕೊಡಲು ಬಟ್ಟಲು ಕೇಳಿದಳು.

ಆರನೇ ದಿನ ಕೂಸನ್ನು ಮನೆಗೆ ಕಳಿಸಿದರು. ಕೂಸಿಗೆ ದಿನಕ್ಕೊಮ್ಮೆ ಹಾಕುವ ವಿಟಮಿನ್ ಡಿ ಹನಿ, ತಾಯಿಗೆ ವಾರಕ್ಕೊಂದು ಪುಡಿಯ ಪೊಟ್ಟಣ, ಮಾತ್ರೆ. ಸುಶೀಲವ್ವ ಹಳಿಯಾಳದ ಬಾಣಂತನ ಸಾಕೆಂದು ಇಬ್ಬರನ್ನೂ ದಾಂಡೇಲಿಗೇ ಕರೆದುಕೊಂಡು ಹೋದಳು. ಕೂಸಿಗೆ ಸಹನಾ ಎಂದು ಹೆಸರಿಟ್ಟರು.

ಎರಡು ತಿಂಗಳಿಗೆ ಸ್ವಪ್ನಾ ಫೋನು ಮಾಡಿದಳು. ದನಿಯಲ್ಲಿ ಬೆರಗಿತ್ತು. "ಅಕ್ಕಾ, ಇವತ್ತ ಕೈ ಊರಲಾರ್ದ ಎದ್ದೆ! ಎಷ್ಟ ಹಗರಾಗೇತಿ ಗೊತ್ತೇನು ಮೈ?" ನಿರ್ಮಲಾ, "ಭಾಳ ಚಲೋ ಆತವಾ" ಎಂದಳು. ಫೋನಿಟ್ಟ ಮೇಲೆ ಔಷಧಿ ಕಪಾಟಿನ ಮುಂದೆ ನಿಂತುಬಿಟ್ಟಳು. ಐದು ತಿಂಗಳು ಆ ಹುಡುಗಿ ನಿಜವನ್ನೇ ಹೇಳಿದ್ದಳು.

ಅದೇ ತಿಂಗಳು ಪಾರ್ಲರ್ ಮುಚ್ಚಿದ ಸುದ್ದಿಯೂ ಬಂತು. ಸುಶೀಲವ್ವ ಹಟ ಹಿಡಿದಿದ್ದಳು. ಅಜಯ ತಾಯಿಯ ಮಾತಿಗೆ ಎದುರಾಡಲಿಲ್ಲ. ಕನ್ನಡಿ, ಕುರ್ಚಿ ಎಲ್ಲವನ್ನೂ ರೂಪಾಲಿಯೇ ಕೊಂಡು ಅದೇ ಮಳಿಗೆಯಲ್ಲಿ ತನ್ನ ಹೆಸರಿನ ಬೋರ್ಡು ಹಾಕಿದಳು. ಸ್ವಪ್ನಾ ಇದನ್ನೆಲ್ಲ ಹವಾಮಾನದ ಸುದ್ದಿ ಹೇಳುವಂತೆ ಹೇಳಿದಳು. ಆಗಲೇ ಹೋಗಿ ಹೇಳಬೇಕಿತ್ತು. ನಿರ್ಮಲಾ ಹೋಗಲಿಲ್ಲ. ರಜೆ ಇಲ್ಲ ಅಂದುಕೊಂಡಳು, ಬಿಸಿಲು ಅಂದುಕೊಂಡಳು. ಮಹಾಂತಪ್ಪನಿಗೆ ಒಂದು ದಿನ ಎಲ್ಲ ಹೇಳಿದಾಗ ಅವನು, "ಇದನ್ನ ನನ್ನ ಮುಂದ ಹೇಳಿ ಏನ ಉಪಯೋಗ?" ಎಂದ.

ಮೇ ತಿಂಗಳ ಒಂದು ಭಾನುವಾರ ಗಂಡಹೆಂಡತಿ ದಾಂಡೇಲಿಗೆ ಹೋದರು. ಸುಶೀಲವ್ವ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದಳು. ಅಲ್ಲಿಯೇ ಎಲ್ಲರಿಗೂ ಚಹಾ ಆಯಿತು. ಅಜಯನೂ ಮನೆಯಲ್ಲಿದ್ದ. ಸ್ವಪ್ನಾ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಿರ್ಮಲಾ ಕಪ್ಪು ಕೆಳಗಿಟ್ಟು ಹೇಳಿಬಿಟ್ಟಳು:

"ಆ ಟೆಸ್ಟ್ ಸ್ವಪ್ನಾ ಮರತಿದ್ದಿಲ್ಲರಿ. ನನಗ ಫೋನ್ ಮಾಡಿ ಕೇಳಿದ್ಲು. ಬ್ಯಾಡ ಅಂದಾಕಿ ನಾನು."

"ಅಕ್ಕಾ!" ಎಂದಳು ಸ್ವಪ್ನಾ.

ಸುಶೀಲವ್ವ ಕೈಯಲ್ಲಿನ ಹಪ್ಪಳದ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಳು. ಬೈಯುತ್ತಾಳೆಂದು ನಿರ್ಮಲಾ ಕಾದಳು; ಬೈದಿದ್ದರೆ ಹಗುರಾಗುತ್ತಿತ್ತು. ಸುಶೀಲವ್ವ ಸೊಸೆಯ ಕಡೆ ನೋಡಿದಳು, ಆಮೇಲೆ ನಿರ್ಮಲಾಳ ಕಡೆ.

"ನಾಕ ತಿಂಗಳಾತ್ರಿ. ಇಕಿಗೆ ನಾ ಆಡಿದ ಮಾತು ಒಂದಲ್ಲ ಎರಡಲ್ಲ. ಉಣ್ಣಾಕ ಕುಂತಾಗ ಅಂದೀನಿ, ಕೂಸಿಗೆ ಹಾಲು ಕೊಡೂವಾಗ ಅಂದೀನಿ. ಅವತ್ತ ನೀವು ಹೇಳಿದ್ರ ಅವೆಲ್ಲಾ ನನ್ನ ಬಾಯಾಗ ಬರ್ತಿದ್ದಿಲ್ಲಲ್ಲಾ." ಅಷ್ಟು ಹೇಳಿ ಒಳಗೆ ಹೋದಳು. ಅವಳು ಅಳುವುದು ಹೊರಗೆ ಕೇಳಿಸಿತು.

ಅಜಯ, "ಆದದ್ದ ಆತು ಬಿಡ್ರಿ" ಎಂದ. ಆದರೆ ಅವನ ಮುಖ ಬೇರೆಯಾಗಿತ್ತು.

ಬಸ್ ಸ್ಟ್ಯಾಂಡಿನವರೆಗೆ ಸ್ವಪ್ನಾ ಕಳಿಸಲು ಬಂದಳು. ಈಗ ಅವಳ ನಡಿಗೆ ನೆಟ್ಟಗಿತ್ತು. ಬಸ್ಸು ಬರುವ ಮೊದಲು ಹೇಳಿದಳು:

"ಈಗ ಯಾಕ ಹೇಳಿದಿ?"

"ನಿನ್ನ ಮ್ಯಾಲಿನ ಅಪವಾದ ಹೋಗಲಿ ಅಂತ."

"ಅವತ್ತ ನಿನ್ನ ಮಾರಿ ಉಳೀಲಿ ಅಂತ ನಾ ಹೇಳಿದೆ. ಎರಡು ದಿನದಾಗ ನೀನ ಬಂದು ಹೇಳ್ತಿ ಅಂದಕೊಂಡಿದ್ದೆ. ದಿನಾ ಕಾದೆ. ರೂಪಾಲಿ ತನ್ನ ಹೆಸರಿನ ಬೋರ್ಡು ಹಾಕೂ ದಿನಾನೂ ಕಾದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನಿರ್ಮಲಾಗೆ ತಡೆಯಲಾಗಲಿಲ್ಲ. "ಈಗ ಅಂಗಡಿನೂ ಇಲ್ಲ, ಅವ್ರಿಗೆ ನಿನ್ನ ಮ್ಯಾಲಿನ ನಂಬಿಕಿನೂ ಇಲ್ಲ."

ಬಸ್ಸು ಬಂತು. ಮಹಾಂತಪ್ಪ ಹತ್ತಿ ಸೀಟು ಹಿಡಿದ. ನಿರ್ಮಲಾ ತಂಗಿಯ ಕೈ ಹಿಡಿಯಲು ಹೋದಳು. ಸ್ವಪ್ನಾ ಹಿಡಿಯಗೊಟ್ಟಳು, ಅಷ್ಟೇ.

ಹಳಿಯಾಳದ ಆಸ್ಪತ್ರೆಯಲ್ಲಿ ನಿರ್ಮಲಾ ತನ್ನ ಡಾಕ್ಟರಮ್ಮನಿಗೂ ನಡೆದದ್ದನ್ನು ಹೇಳಿದಳು. ರಿಪೋರ್ಟ್ ಸರಿ ಇವೆ ಎಂದು ತಾನು ಸುಳ್ಳು ಹೇಳಿದ್ದನ್ನೂ ಬಿಡಲಿಲ್ಲ. ಅವರು ಕೆಲಸದಿಂದ ತೆಗೆಯಲಿಲ್ಲ, ಆದರೆ ಅಂದಿನಿಂದ ಪ್ರತಿ ಫೈಲನ್ನೂ ತಾವೇ ನೋಡತೊಡಗಿದರು. ಬಸುರಿಯೊಬ್ಬಳು ಬೆಂಚಿನಿಂದ ಏಳುವಾಗ ಗೋಡೆಗೆ ಕೈ ಚಾಚಿದರೆ ನಿರ್ಮಲಾ ಈಗ ಕೈಯಲ್ಲಿನ ಕೆಲಸ ಬಿಟ್ಟು ಹೋಗುತ್ತಾಳೆ. ಎಷ್ಟು ದಿನದಿಂದ ನೋವು, ಮನೆ ಎಲ್ಲಿ, ಹಗಲು ಹೊರಗೆ ಬರುತ್ತೀಯೋ ಇಲ್ಲವೋ ಎಂದು ಕೇಳಿ ಡಾಕ್ಟರಮ್ಮನ ಮುಂದೆ ಕೂಡಿಸುತ್ತಾಳೆ. ಒಳ್ಳೆಯ ನರ್ಸು ಎಂದು ಜನ ಹೊಗಳುತ್ತಾರೆ. ಹೊಗಳಿದಾಗೆಲ್ಲ ಅವಳು ಬೇರೆ ಕೆಲಸಕ್ಕೆ ಎದ್ದುಬಿಡುತ್ತಾಳೆ.

ಸಹನಾ ಬೆಳೆದಳು. ಸ್ವಲ್ಪ ತಡವಾಗಿ ಹಲ್ಲು ಬಂತು, ಹದಿನಾಲ್ಕು ತಿಂಗಳಿಗೆ ನಡೆದಳು. ಡಾಕ್ಟರು ಏನೂ ಚಿಂತೆಯಿಲ್ಲ ಎಂದರು. ಸ್ವಪ್ನಾ ಈಗ ಮನೆಯ ಹೊರಗಿನ ಪಡಸಾಲೆಯಲ್ಲಿಯೇ ಒಂದು ಕುರ್ಚಿ ಹಾಕಿಕೊಂಡು ಒಬ್ಬಿಬ್ಬರ ಕೆಲಸ ಮಾಡುತ್ತಾಳೆ. ಸುಶೀಲವ್ವನೇ ಆ ಕುರ್ಚಿ ತರಿಸಿಕೊಟ್ಟಳಂತೆ.

ಕಳೆದ ತಿಂಗಳು ಹಳಿಯಾಳದ ಸಂತೆಯಲ್ಲಿ ಅಜಯನ ಸೋದರತ್ತೆ ಸಿಕ್ಕು, "ಸಹನಾಗ ಹೆಂಗೈತ್ರಿ? ನಾಕ ದಿನ ಜ್ವರದಾಗ ಭಾಳ ನರಳಿತಂತ ಕೂಸು" ಎಂದಳು. ನಿರ್ಮಲಾಗೆ ಏನೂ ಗೊತ್ತಿರಲಿಲ್ಲ. ಸಂತೆಯ ಗದ್ದಲದ ನಡುವೆಯೇ ಫೋನು ಮಾಡಿದಳು.

"ಈಗ ಆರಾಮ ಅದಾಳಕ್ಕಾ. ಡಾಕ್ಟರಿಗೆ ತೋರಸೇವಿ," ಎಂದಳು ಸ್ವಪ್ನಾ.

"ನನಗ ಒಂದು ಮಾತು ಹೇಳಬಾರದಿತ್ತೇನ?"

ಆ ಕಡೆ ಕೂಸು ಏನೋ ಕೇಳುತ್ತಿತ್ತು. ಅದಕ್ಕೆ ಉತ್ತರಿಸಿ ಸ್ವಪ್ನಾ ಮರಳಿ ಬಂದಳು. "ಹೇಳಬೇಕಂದೆ. ಫೋನ್ ಕೈಯಾಗ ತಗೊಂಡೆ ಸೈತ. ಆದ್ರ ನೀ ಏನೂ ಆಗಿಲ್ಲ ಬಿಡು ಅಂದುಬಿಟ್ರ, ನಾ ಮತ್ತ ನಿನ್ನ ಮಾತ ಕೇಳಿಬಿಡ್ತಿದ್ದೆ ಅಕ್ಕಾ."

ನಿರ್ಮಲಾ ಮೆಣಸಿನಕಾಯಿ ರಾಶಿಯ ಪಕ್ಕಕ್ಕೆ ಸರಿದು ನಿಂತಳು. ಹಿಂದಿನಿಂದ ಬಂದವರು ದಾರಿ ಬಿಡಿ ಎನ್ನುತ್ತಿದ್ದರು. ಇವತ್ತು ಕೂಸು ಏನು ಉಂಡಿತು ಎಂದು ಕೇಳಿದಳು. ಮೆತ್ತಗಿನ ಅನ್ನ, ತುಪ್ಪ ಎಂದಳು ಸ್ವಪ್ನಾ.